ಶಾಲೆಯಲ್ಲಿ ಸಂಗೀತ: ಹಾಡುವ ವೃಂದವೋ, ತಂತಿವಾದ್ಯವೋ, ಬ್ಯಾಂಡೋ?

ಶಾಲೆಯ ಸಂಗೀತದ ಕೋಣೆಗೆ ಮಗುವನ್ನು ಕರೆತಂದ ಪೋಷಕರು ಮೊದಲು ಕೇಳುವುದು ಬಹುತೇಕ ಒಂದೇ ಪ್ರಶ್ನೆ: 'ಯಾವ ವಾದ್ಯ ಕಲಿಸಿದರೆ ಒಳ್ಳೆಯದು?' ಶಾಲಾ ಮಕ್ಕಳ ತಾಲೀಮುಗಳಲ್ಲಿ ಹಲವು ವರ್ಷ ಕೂತು, ಅವರ ವಾದ್ಯಗಳ ಶ್ರುತಿ ಕೂಡಿಸಿಕೊಟ್ಟ ಮೇಲೆ ನಾನು ಆ ಪ್ರಶ್ನೆಯನ್ನು ತಿರುಗಿಸಿ ಕೇಳತೊಡಗಿದ್ದೇನೆ. ಈ ಶಾಲೆಯಲ್ಲಿ ಯಾವ ಮೇಳವಿದೆ? ಇನ್ನೊಂದು ವರ್ಷಕ್ಕೆ ಅದರಲ್ಲಿ ಈ ಮಗು ಕೂರಲು ಜಾಗವಿದೆಯೇ?

ಹೀಗೆ ಕೇಳುವುದನ್ನು ನನಗೆ ಕಲಿಸಿದವನು ಹನ್ನೊಂದು ವರ್ಷದ ಒಬ್ಬ ಹುಡುಗ. ಸ್ಯಾಕ್ಸೋಫೋನ್ ಎಂದರೆ ಅವನಿಗೆ ಪ್ರಾಣ. ಕಲಿಯಲಿ ಎಂದು ಒತ್ತಿ ಹೇಳಿದವನು ನಾನೇ. ಅವನ ಶಾಲೆಯಲ್ಲಿ ಇದ್ದದ್ದು ಆರ್ಕೆಸ್ಟ್ರಾ, ಅಂದರೆ ತಂತಿವಾದ್ಯಗಳೇ ಹೆಚ್ಚಾಗಿರುವ ಪಾಶ್ಚಾತ್ಯ ವಾದ್ಯವೃಂದ, ಮಾತ್ರ. ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಆ ಹೊತ್ತಿಗೆ ಸಿಂಫನಿ ಆರ್ಕೆಸ್ಟ್ರಾದ ಕುರ್ಚಿಗಳು ಹೆಚ್ಚುಕಡಿಮೆ ಭರ್ತಿಯಾಗಿದ್ದವು. ಇವತ್ತಿಗೂ ಅಲ್ಲಿ ಸ್ಯಾಕ್ಸೋಫೋನಿಗೆ ಕಾಯಂ ಜಾಗವಿಲ್ಲ. ಹುಡುಗ ಎರಡು ವರ್ಷ ಚೆನ್ನಾಗಿಯೇ ಕಲಿತ. ಆದರೆ ಒಬ್ಬನೇ ಕಲಿತ. ವಾರ್ಷಿಕ ಕಾರ್ಯಕ್ರಮದ ದಿನ ಗೆಳೆಯರೆಲ್ಲ ವೇದಿಕೆಯ ಮೇಲಿದ್ದರೆ ಅವನು ಪರದೆಯ ಪಕ್ಕದಲ್ಲಿ ನಿಂತು ಅವರ ಸ್ವರಲಿಪಿಯ ಹಾಳೆಗಳನ್ನು ಜೋಡಿಸಿಕೊಡುತ್ತಿದ್ದ. ಮೂರನೆಯ ವರ್ಷ ವಾದ್ಯದ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಅವನ ಕಿವಿಯಲ್ಲಾಗಲಿ ಬೆರಳಲ್ಲಾಗಲಿ ಯಾವ ಕೊರತೆಯೂ ಇರಲಿಲ್ಲ. ಒಂದು ಕುರ್ಚಿ ಇರಲಿಲ್ಲ, ಅಷ್ಟೆ.

ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಅಳೆಯುವುದು ಮೇಳಗಳನ್ನು. ವಾದ್ಯದ ವಿಚಾರ ಅವುಗಳ ಜೊತೆಗೇ ಬರುತ್ತದೆ.

ಮೊದಲು ಬಿಡಿಸಿಕೊಳ್ಳಬೇಕಾದ ಒಂದು ಗಂಟು

'ನಮ್ಮಲ್ಲಿ ಸಂಗೀತ ಇದೆ' ಎಂದು ಶಾಲೆ ಹೇಳಿದರೆ ಅದಕ್ಕೆ ಮೂರು ಅರ್ಥಗಳಿರಬಹುದು. ವೇಳಾಪಟ್ಟಿಯಲ್ಲಿ ವಾರಕ್ಕೊಂದೆರಡು ಅವಧಿ ಇಡೀ ತರಗತಿಗೆ ಹೇಳಿಕೊಡುವ ಸಂಗೀತ ಒಂದು. ಒಬ್ಬೊಬ್ಬರಿಗೆ ಅಥವಾ ಮೂರು ನಾಲ್ಕು ಮಕ್ಕಳಿಗೆ ವಾದ್ಯ ಕಲಿಸುವ ಪಾಠ ಇನ್ನೊಂದು. ಕಲಿತವರು, ಕಲಿಯುತ್ತಿರುವವರು ಒಟ್ಟಿಗೆ ಕೂತು ನುಡಿಸುವ ಮೇಳ ಮೂರನೆಯದು. ಮೂರೂ ಇರುವ ಶಾಲೆ ಸಿಕ್ಕರೆ ಪುಣ್ಯ. ಮೊದಲನೆಯದೊಂದೇ ಇದ್ದರೂ ತಾತ್ಸಾರ ಬೇಡ, ಅದನ್ನು ಹೇಗೆ ನಡೆಸುತ್ತಾರೆ ಎಂದು ವಿಚಾರಿಸಿ.

ಅಲ್ಲಿ ಸಂಗೀತ ಕಲಿಸುವ ನಾಲ್ಕು ಪದ್ಧತಿಗಳ ಹೆಸರುಗಳು ನಿಮ್ಮ ಕಿವಿಗೆ ಬೀಳಬಹುದು. ಕಾರ್ಲ್ ಆರ್ಫ್ ಮತ್ತು ಡೊರೊಥೀ ಗುಂಥರ್ 1924ರಲ್ಲಿ ಮ್ಯೂನಿಕ್‌ನಲ್ಲಿ ಆರಂಭಿಸಿದ ಶಾಲೆಯಿಂದ ಬೆಳೆದ ಪದ್ಧತಿಯಲ್ಲಿ ಮಾತು, ಕುಣಿತ, ಸಣ್ಣ ಮರದ ಪಟ್ಟಿಗಳ ವಾದ್ಯಗಳು ಒಂದಾಗಿ ಬರುತ್ತವೆ. ಮಗು ಮೊದಲ ದಿನವೇ ಗುಂಪಿನಲ್ಲಿ ನುಡಿಸುತ್ತದೆ. ಹಂಗೆರಿಯ ಜೊಲ್ತಾನ್ ಕೊಡಾಯ್ ಅವರ ದಾರಿಯಲ್ಲಿ ಹಾಡುವುದೇ ತಳಹದಿ. ಅವರ ಆಲೋಚನೆಯಂತೆ ದಿನವೂ ಹಾಡಿಸುವ ಪ್ರಾಥಮಿಕ ಶಾಲೆ ಕೆಚ್ಕೆಮೇಟ್ ಪಟ್ಟಣದಲ್ಲಿ 1950ರಲ್ಲಿ ಶುರುವಾಯಿತು. ಡಾಲ್‌ಕ್ರೋಜ್ ಪದ್ಧತಿಯಲ್ಲಿ ಲಯವನ್ನು ಮೈಯಿಂದಲೇ, ನಡೆದು ತೂಗಿ ಕಲಿಯುತ್ತಾರೆ. ಶಿನಿಚಿ ಸುಝುಕಿ ಅವರದು ಮಗು ತಾಯಿನುಡಿ ಕಲಿಯುವ ಬಗೆ: ಮೊದಲು ಕೇಳಿಕೆ, ಆಮೇಲೆ ಓದು, ಪಾಠದಲ್ಲಿ ಹೆತ್ತವರೂ ಜೊತೆಗಿರಬೇಕು. ಸಂಜೆ ಹೊತ್ತು ಮಗುವಿನ ಜೊತೆ ಕೂರಲು ನಿಮಗೆ ಆಗುವುದಿಲ್ಲವೆಂದರೆ ಸುಝುಕಿ ಪಾಠಕ್ಕೆ ಸೇರಿಸುವ ಮುನ್ನ ಎರಡು ಸಲ ಯೋಚಿಸಿ. ಆ ಪದ್ಧತಿ ನಿಂತಿರುವುದೇ ಹೆತ್ತವರ ಬೆಂಬಲದ ಮೇಲೆ.

ಹಾಡುವ ವೃಂದ

ಯಾವುದನ್ನೂ ತೀರ್ಮಾನಿಸಲಾಗದ ಮನೆಗೆ ನನ್ನ ಸಲಹೆ ಇದೇ. ವಾದ್ಯ ಕೊಳ್ಳಬೇಕಿಲ್ಲ, ಹೊರಬೇಕಿಲ್ಲ, ಮನೆಯಲ್ಲಿ ಮರೆತು ಬರುವ ಮಾತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಾಡಿನಲ್ಲಿ ಪಳಗಿದ ಕಿವಿ ಮುಂದೆ ಯಾವ ವಾದ್ಯಕ್ಕೆ ಹೋದರೂ ಜೊತೆಗೆ ಬರುತ್ತದೆ. ಪಿಟೀಲಿನಲ್ಲಿ ಬೆರಳಿಡುವ ಜಾಗವನ್ನು ತೋರಿಸಲು ಗೆರೆಗಳಿಲ್ಲ. ಸ್ವರವನ್ನು ಮೊದಲೇ ಮನಸ್ಸಿನಲ್ಲಿ ಹಾಡಿಕೊಂಡ ಮಗುವಿನ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಆದರೆ ವೃಂದ ವೃಂದಕ್ಕೂ ಬಹಳ ವ್ಯತ್ಯಾಸ. ಎಲ್ಲರೂ ಒಂದೇ ಧಾಟಿಯನ್ನು ಒಂದೇ ಶ್ರುತಿಯಲ್ಲಿ ಹಾಡುವುದು ಒಂದು ಬಗೆ. ಎರಡು, ಮೂರು, ನಾಲ್ಕು ಧಾಟಿಗಳನ್ನು ಏಕಕಾಲಕ್ಕೆ ಹೆಣೆದು ಹಾಡುವುದು ಇನ್ನೊಂದು. ಚಿಕ್ಕ ಮಕ್ಕಳಿಗೆ ಮೊದಲನೆಯದೇ ಸರಿ. ತೊಂದರೆ ಬರುವುದು ಹನ್ನೆರಡರಿಂದ ಹದಿನಾಲ್ಕರ ಹೊತ್ತಿಗೆ, ಹುಡುಗರ ದನಿ ಒಡೆಯುವಾಗ. ಸ್ವರತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ, ನಡುವೆ ಕೆಲವು ತಿಂಗಳು ಕೈಗೆ ಸಿಗುವುದು ಬೆರಳೆಣಿಕೆಯ ಸ್ವರಗಳು ಮಾತ್ರ. ಹುಡುಗಿಯರ ದನಿಯೂ ಬದಲಾಗುತ್ತದೆ, ಇಷ್ಟು ಎದ್ದು ಕಾಣುವುದಿಲ್ಲ. ಈ ಕಾಲದಲ್ಲಿ 'ನೀನು ಸ್ವಲ್ಪ ದಿನ ಸುಮ್ಮನಿರು' ಎನ್ನುವ ಶಾಲೆಯಲ್ಲಿ ಆ ಹುಡುಗ ಹೆಚ್ಚಾಗಿ ಶಾಶ್ವತವಾಗಿ ಸುಮ್ಮನಾಗುತ್ತಾನೆ. ಒಳ್ಳೆಯ ಗುರುಗಳು ಅವನಿಗೆ ಸಿಗುವ ಐದಾರು ಸ್ವರಗಳಲ್ಲೇ ಒಂದು ಧಾಟಿಯನ್ನು ಬರೆದುಕೊಡುತ್ತಾರೆ. ಶಾಲೆಯನ್ನು ನೋಡಲು ಹೋದಾಗ ನಾಚಿಕೆಪಡದೆ ಕೇಳಿ: ದನಿ ಒಡೆಯುತ್ತಿರುವ ಹುಡುಗರನ್ನು ಇಲ್ಲಿ ಏನು ಮಾಡುತ್ತೀರಿ? ಆ ಒಂದು ಉತ್ತರದಲ್ಲಿ ವೃಂದದ ಗುಣ ಪೂರ್ತಿ ತಿಳಿಯುತ್ತದೆ.

ತಂತಿವಾದ್ಯ ವೃಂದ, ಗಾಳಿವಾದ್ಯ ವೃಂದ

ಹೆಚ್ಚಿನವರು ತೂಗಿ ನೋಡುವುದು ಈ ಎರಡನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ತಂತಿವಾದ್ಯದ ಅನುಕೂಲವೆಂದರೆ ಬೇಗ ಶುರು ಮಾಡಬಹುದು. ಪಿಟೀಲು ಹದಿನಾರನೆಯ ಒಂದು ಅಳತೆಯಿಂದ ಪೂರ್ಣ ಅಳತೆಯವರೆಗೆ ಹಲವು ಗಾತ್ರಗಳಲ್ಲಿ ಸಿಗುತ್ತದೆ, ನಾಲ್ಕೈದು ವರ್ಷದ ಮಗುವಿನ ತೋಳಿಗೂ ಒಪ್ಪುವ ವಾದ್ಯವಿದೆ. ಅನಾನುಕೂಲವೂ ಅಲ್ಲೇ ಇದೆ: ತೋಳು ಬೆಳೆದಂತೆ ವಾದ್ಯ ಬದಲಾಗಬೇಕು. ಪ್ರತಿ ಸಲ ಹೊಸದನ್ನು ಕೊಳ್ಳಬೇಕೋ, ಶಾಲೆಯೇ ಎರವಲು ಕೊಡುತ್ತದೆಯೋ ಎಂಬುದನ್ನು ಸೇರುವ ಮುನ್ನವೇ ತಿಳಿದುಕೊಳ್ಳಬೇಕು. 'ಬೆಳೆದ ಮೇಲೂ ಆಗುತ್ತದೆ' ಎಂದು ದೊಡ್ಡ ಅಳತೆಯದನ್ನು ತಂದುಕೊಡುವ ತಪ್ಪನ್ನು ದಯವಿಟ್ಟು ಮಾಡಬೇಡಿ. ಅಂಗಿಯನ್ನು ದೊಡ್ಡದು ಹೊಲಿಸಬಹುದು, ಪಿಟೀಲನ್ನು ಹಾಗೆ ಕೊಳ್ಳುವಂತಿಲ್ಲ. ಎಟುಕದ ಬೆರಳು ಅಪಸ್ವರವನ್ನೇ ರೂಢಿ ಮಾಡಿಕೊಳ್ಳುತ್ತದೆ, ಹೆಗಲು ನೋಯುತ್ತದೆ.

ಮೊದಲ ವರ್ಷ ಸದ್ದು ಕಿವಿಗೆ ಹಿತವಾಗಿರುವುದಿಲ್ಲ. ಕಮಾನಿಗೆ ರಾಳ ಉಜ್ಜುವುದು, ಬಿರಡೆ ತಿರುವುವುದು, ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಸಮಾಂತರವಾಗಿ ಕಮಾನನ್ನು ಎಳೆಯುವುದು, ಇಷ್ಟಕ್ಕೇ ತಿಂಗಳುಗಳು ಬೇಕು. ಆದರೆ ಸೇರಿ ನುಡಿಸುವಾಗ ಬೇರೆಯೇ ಅನುಭವ. ಒಂದು ತಾಲೀಮು ನೆನಪಾಗುತ್ತದೆ. ಹತ್ತು ವರ್ಷದ ಇಬ್ಬರು ಹುಡುಗಿಯರು ಒಂದೇ ಸ್ಟ್ಯಾಂಡಿನ ಮುಂದೆ ಕೂತು 'ಎ' ತಂತಿಯ ಮೇಲೆ ಕಮಾನು ಎಳೆಯುತ್ತಿದ್ದರು. ಒಬ್ಬಳದು ಸೆಕೆಂಡಿಗೆ 440 ಕಂಪನಗಳಲ್ಲಿ ನಿಂತಿತ್ತು; ಇನ್ನೊಬ್ಬಳದು ಒಂದೆರಡು ಕಂಪನ ಹೆಚ್ಚು. ಎರಡೂ ಒಟ್ಟಿಗೆ ಸದ್ದು ಮಾಡಿದಾಗ 'ವೊಂವ್... ವೊಂವ್...' ಎಂದು ಅಲೆಯೊಂದು ಏಳುತ್ತದೆ. ನಾನು ಏನೂ ಹೇಳಲಿಲ್ಲ. ಹುಡುಗಿ ಕಮಾನು ಎಳೆಯುತ್ತಲೇ ಸಣ್ಣ ತಿರುಪನ್ನು ತಿರುವಿದಳು. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತುಹೋಯಿತು. ಇಬ್ಬರೂ ಕಮಾನು ಎತ್ತದೆ ಒಬ್ಬರ ಮುಖ ಒಬ್ಬರು ನೋಡಿದರು. ಶ್ರುತಿ ಎಂದರೇನು ಎಂದು ಆಮೇಲೆ ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಒಬ್ಬಳೇ ಮನೆಯಲ್ಲಿ ಕೂತಿದ್ದರೆ ಆ ಅಲೆ ಅವಳಿಗೆ ಕೇಳಿಸುತ್ತಿರಲಿಲ್ಲ.

ಗಾಳಿವಾದ್ಯಗಳದ್ದು ಬೇರೆ ಲೆಕ್ಕ. ಮುಂದಿನ ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬಂದಿರಬೇಕು. ಕ್ಲಾರಿನೆಟ್‌ನ ತೂತುಗಳನ್ನು ಪೂರ್ತಿ ಮುಚ್ಚುವಷ್ಟು ಬೆರಳತುದಿ ಅಗಲವಾಗಿರಬೇಕು. ಆದ್ದರಿಂದ ಒಂಬತ್ತು ಹತ್ತು ವರ್ಷದವರೆಗೆ ಕಾಯುವುದು ವಾಡಿಕೆ. ಹಲ್ಲಿಗೆ ತಂತಿ ಹಾಕಿಸುವ ಯೋಚನೆಯಿದ್ದರೆ ಟ್ರಂಪೆಟ್ ಆರಿಸುವ ಮುನ್ನ ದಂತವೈದ್ಯರನ್ನೂ ಗುರುಗಳನ್ನೂ ಒಂದು ಮಾತು ಕೇಳುವುದು ಒಳಿತು. ತಡವಾಗಿ ಶುರುವಾದರೂ ಇಲ್ಲಿ ಫಲ ಬೇಗ ಸಿಗುತ್ತದೆ: ಕೆಲವೇ ತಿಂಗಳಲ್ಲಿ ಮಗು ಗುರುತು ಹಿಡಿಯಬಹುದಾದ ಧಾಟಿಯನ್ನು ನುಡಿಸುತ್ತದೆ, ಬ್ಯಾಂಡಿನ, ಅಂದರೆ ಗಾಳಿವಾದ್ಯ ಮತ್ತು ತಾಳವಾದ್ಯಗಳ ವೃಂದದ, ಹಿಂದಿನ ಸಾಲಿಗೆ ಸೇರುತ್ತದೆ. ಹತ್ತು ದಾಟಿದ ಮೇಲೆ ಆಸೆ ಹುಟ್ಟಿದ ಮಗುವಿಗೆ, ತನಗಿಂತ ಚಿಕ್ಕವರ ಪಕ್ಕದಲ್ಲಿ ಪಿಟೀಲು ಹಿಡಿಯಲು ಮುಜುಗರಪಡುವ ಮಗುವಿಗೆ, ಬ್ಯಾಂಡ್ ತುಂಬ ಒಳ್ಳೆಯ ಜಾಗ. ಎಲ್ಲರೂ ಅಲ್ಲಿ ಒಂದೇ ವಯಸ್ಸಿನಲ್ಲಿ ಶುರು ಮಾಡಿರುತ್ತಾರೆ.

ಬ್ಯಾಂಡಿನಲ್ಲಿ ಕೊಳಲಿನವರು ಎಂಟು ಹತ್ತು ಮಂದಿ ಇದ್ದರೂ ನಡೆಯುತ್ತದೆ. ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ ಎರಡು ಮೂರು ಕೊಳಲಿಗಷ್ಟೇ ಜಾಗ. ಆರ್ಕೆಸ್ಟ್ರಾ ಮಾತ್ರ ಇರುವ ಶಾಲೆಯಲ್ಲಿ ಹದಿನೈದು ಮಕ್ಕಳಿಗೆ ಕೊಳಲು ಕಲಿಸುತ್ತಿದ್ದರೆ ಅವರಲ್ಲಿ ಹನ್ನೆರಡು ಮಂದಿ ಎಲ್ಲಿ ನುಡಿಸುತ್ತಾರೆ ಎಂದು ಕೇಳಲೇಬೇಕು. ತದ್ವಿರುದ್ಧವಾಗಿ ವಯೋಲಾ, ಡಬಲ್ ಬೇಸ್, ಬಸೂನ್, ಫ್ರೆಂಚ್ ಹಾರ್ನ್ ನುಡಿಸುವ ಮಕ್ಕಳು ಎಲ್ಲ ಕಡೆಯೂ ಕಡಿಮೆ. ಅವರಿಗಾಗಿ ವೃಂದಗಳೇ ಹುಡುಕಿಕೊಂಡು ಬರುತ್ತವೆ. ವಯೋಲಾ ಪಿಟೀಲಿಗಿಂತ ಒಂದು ಪಂಚಮದಷ್ಟು (ಸ-ಪ ಅಂತರ) ಕೆಳಗಿನ ಶ್ರುತಿಯದು, ನಡುವಿನ ಧಾಟಿಯನ್ನು ನುಡಿಸುವಂಥದ್ದು, ಮುಂದೆ ಬಂದು ಮೆರೆಯುವ ವಾದ್ಯವಲ್ಲ. ಆದರೆ ಅದು ನಿಂತರೆ ಇಡೀ ಸದ್ದು ಟೊಳ್ಳಾಗುತ್ತದೆ. ಮುಂದೆ ನಿಲ್ಲಲು ಇಷ್ಟಪಡದ, ಆದರೆ ತಾನು ಬೇಕು ಎನಿಸಿಕೊಳ್ಳಲು ಹಂಬಲಿಸುವ ಮಗುವಿಗೆ ನಾನು ಕಣ್ಣುಮುಚ್ಚಿ ವಯೋಲಾವನ್ನು ಸೂಚಿಸುತ್ತೇನೆ.

ಒಂದು ಪುಟ್ಟ ಎಚ್ಚರಿಕೆ. ಕ್ಲಾರಿನೆಟ್ ಅಥವಾ ಟ್ರಂಪೆಟ್‌ನವರು ತಮ್ಮ ಹಾಳೆಯಲ್ಲಿ 'ಸಿ' ಎಂದು ಓದಿ ನುಡಿಸಿದ ಸ್ವರ ಪಿಯಾನೋದ ಬಿ-ಫ್ಲ್ಯಾಟ್ ಆಗಿ, ಅಂದರೆ ಬೇರೆಯೇ ಸ್ವರವಾಗಿ, ಕೇಳಿಸುತ್ತದೆ. ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಅದೇ 'ಸಿ' ಇ-ಫ್ಲ್ಯಾಟ್ ಆಗುತ್ತದೆ. ಅಣ್ಣ ಕ್ಲಾರಿನೆಟ್, ತಂಗಿ ಪಿಟೀಲು ಎಂದಿದ್ದರೆ ಒಂದೇ ಹಾಳೆಯನ್ನು ನೋಡಿ ಇಬ್ಬರೂ ನುಡಿಸಲಾಗದು. ತಪ್ಪು ಮಕ್ಕಳದ್ದೆಂದು ಗದರಬೇಡಿ. ಹಾಳೆಯನ್ನು ಬೇರೆ ಶ್ರುತಿಗೆ ಬರೆದುಕೊಳ್ಳಬೇಕು, ಅಷ್ಟೆ.

ತಾಳವಾದ್ಯ ಮೇಳ

'ಸುಮ್ಮನೆ ಕೂರದ ಹುಡುಗ, ಡ್ರಮ್‌ಗೆ ಹಾಕಿಬಿಡೋಣ' ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಇದಕ್ಕೆ ಸಾವಧಾನವಾಗಿ ಉತ್ತರ ಕೊಡುವುದು ನನ್ನ ಕರ್ತವ್ಯವೆಂದೇ ಭಾವಿಸಿದ್ದೇನೆ. ಬ್ಯಾಂಡ್ ಅಥವಾ ಆರ್ಕೆಸ್ಟ್ರಾದ ತಾಳವಾದ್ಯದವನಷ್ಟು ಸುಮ್ಮನೆ ಕೂರಬೇಕಾದವನು ಬೇರೊಬ್ಬನಿಲ್ಲ. ಒಬ್ಬ ಹುಡುಗನನ್ನು ಕಣ್ಣೆದುರಿಗೆ ತಂದುಕೊಳ್ಳಿ. ಕೈಯಲ್ಲಿ ಎರಡು ದೊಡ್ಡ ತಾಳಗಳು. ಹಾಳೆಯಲ್ಲಿ ಒಂದು ಉದ್ದ ಗೆರೆ, ಅದರ ಮೇಲೆ 32 ಎಂಬ ಅಂಕಿ: ಮೂವತ್ತೆರಡು ಆವರ್ತ ಮೌನ. 'ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು' ಎಂದು ತುಟಿಯೊಳಗೇ ಎಣಿಸುತ್ತಿದ್ದಾನೆ. ಹತ್ತೊಂಬತ್ತನೆಯ ಆವರ್ತದಲ್ಲಿ ಟ್ರಂಪೆಟ್‌ನವರು ಜೋರಾಗಿ ಬಂದು ಎಣಿಕೆ ತಪ್ಪಿಸಲು ನೋಡುತ್ತಾರೆ, ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಮೂವತ್ತನೆಯದಕ್ಕೆ ತಾಳಗಳನ್ನು ಎದೆಯ ಮಟ್ಟಕ್ಕೆ ಎತ್ತುತ್ತಾನೆ. ಮೂವತ್ತಮೂರನೆಯದರ ಮೊದಲ ಮಾತ್ರೆಗೆ ಒಂದೇ ಒಂದು ಪೆಟ್ಟು. ಅರ್ಧ ಮಾತ್ರೆ ಮುಂಚೆ ಬಿದ್ದರೂ ಸಭಾಂಗಣವೆಲ್ಲ ತಿರುಗಿ ನೋಡುತ್ತದೆ.

ಮನೆಯಲ್ಲಿ ಚಡಪಡಿಸುವ ಮಗು ಇದರಲ್ಲಿ ಅರಳುವುದೂ ಉಂಟು, ನಿಜ. ಲೆಕ್ಕ ಇಷ್ಟವಿದ್ದರೆ ಖಂಡಿತ ಅರಳುತ್ತದೆ. ಆದರೆ ಕೈ ಖಾಲಿಯಿದ್ದರೆ ಬೇಸರಪಡುವ ಮಗುವಿಗೆ ತಾಳವಾದ್ಯಗಳಷ್ಟೇ ಸೇರಿ ಮಾಡಿದ ಮೇಳ ಹೆಚ್ಚು ಹೊಂದುತ್ತದೆ. ಅಲ್ಲಿ ಎಲ್ಲರಿಗೂ ಸದಾ ಕೆಲಸವಿರುತ್ತದೆ, ಓದು ಬರುವ ಮುನ್ನ ಬಾಯಿಪಾಠದಿಂದಲೇ ಕಲಿಯಬಹುದು. ಝೈಲೋಫೋನ್, ಮರಿಂಬಾ ಇರುವ ಮೇಳವಾದರೆ ಇನ್ನೂ ಚೆನ್ನ. ಲಯದ ಜೊತೆ ಸ್ವರವೂ ಕೈಗೆ ಬರುತ್ತದೆ. ಡ್ರಮ್ ಮಾತ್ರ ಬಡಿಸಿ, ಸ್ವರ ಇರುವ ತಾಳವಾದ್ಯ ಮುಟ್ಟಿಸದ ಶಾಲೆಯ ಪಾಠ ಅರ್ಧ ಪಾಠ.

ಕಿವಿಯ ಬಗ್ಗೆ ಯೋಚಿಸಬೇಕಾದದ್ದು ಇಲ್ಲೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸಗಾರರಿಗೆ ಸೂಚಿಸಿದ ಮಿತಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಹೆಚ್ಚಾದಂತೆ ಸಮಯ ಅರ್ಧವಾಗುತ್ತದೆ, 94 ಡೆಸಿಬೆಲ್‌ಗೆ ಉಳಿಯುವುದು ಒಂದೇ ಗಂಟೆ. ಇದು ದೊಡ್ಡವರ ಲೆಕ್ಕ. ತಗ್ಗು ಸೂರಿನ ಸಣ್ಣ ಕೋಣೆಯಲ್ಲಿ ಡ್ರಮ್, ಟ್ರಂಪೆಟ್ ಒಟ್ಟಿಗೆ ನುಡಿಸುವ ಕಡೆ ಪರದೆ ಕಟ್ಟಿದ್ದಾರೆಯೇ, ಮಕ್ಕಳಿಗೆ ಕಿವಿಬಿರಡೆ ಕೊಡುತ್ತಾರೆಯೇ ಎಂದು ಕಣ್ಣಾರೆ ನೋಡಿ.

ಪಿಯಾನೋ, ಗಿಟಾರ್

ಪಾಠಕ್ಕೆ ಬಹಳ ಮಕ್ಕಳು, ಮೇಳದಲ್ಲಿ ಒಂದೇ ಕುರ್ಚಿ. ಪಿಯಾನೋ ಕಲಿಯುವ ಮಗುವನ್ನು ಹಾಡುವ ವೃಂದಕ್ಕೂ ಸೇರಿಸಿ, ಮುಂದೊಂದು ದಿನ ಆ ವೃಂದಕ್ಕೇ ಪಕ್ಕವಾದ್ಯ ನುಡಿಸಲಿ. ಗಿಟಾರಿಗೆ ಪ್ರತ್ಯೇಕ ಗಿಟಾರ್ ವೃಂದ ಇದ್ದರೆ ಸರಿ, ಇಲ್ಲವಾದರೆ ನಾಲ್ಕೈದು ಮಕ್ಕಳ ಸಣ್ಣ ಗುಂಪು ಸಾಕು.

ಸಣ್ಣ ಗುಂಪಿನ ಬಗ್ಗೆ ಇನ್ನೂ ಒಂದು ಮಾತು. ದೊಡ್ಡ ವೃಂದದಲ್ಲಿ ಹೊಸಬರಿಗೆ ಧೈರ್ಯವಿರುತ್ತದೆ: ತಪ್ಪಿದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಮೂರು ನಾಲ್ಕು ಜನರ ಗುಂಪಿನಲ್ಲಿ ಆ ಆಸರೆ ಇಲ್ಲ. ಕೈಬೀಸಿ ದಾರಿ ತೋರಿಸುವ ನಿರ್ದೇಶಕರೂ ಇರುವುದಿಲ್ಲ. ಎತ್ತುಗಡೆಯನ್ನು ಉಸಿರಿನಿಂದ, ಕಣ್ಣಿನಿಂದ ಕೊಡಬೇಕು. ಎರಡು ವರ್ಷ ದೊಡ್ಡ ವೃಂದದಲ್ಲಿ ಕೂತ ಮಗುವಿಗೆ ಇಂಥ ಗುಂಪಿನಲ್ಲಿ ಅವಕಾಶ ಸಿಕ್ಕರೆ ಆರು ತಿಂಗಳಲ್ಲಿ ಕಾಣುವ ಬೆಳವಣಿಗೆ ಅಚ್ಚರಿ ತರುವಂಥದ್ದು. ಎರಡನ್ನೂ ನಡೆಸುವ ಶಾಲೆಗೆ ನನ್ನ ಲೆಕ್ಕದಲ್ಲಿ ಹೆಚ್ಚು ಅಂಕ.

ಆಡಿಷನ್, ಸ್ಪರ್ಧೆ

ಎಲ್ಲರಿಗೂ ತೆರೆದ ಮೇಳವೋ, ಪರೀಕ್ಷೆ ಮಾಡಿ ಆರಿಸಿಕೊಳ್ಳುವ ಮೇಳವೋ? ಎರಡೂ ಇರಬೇಕು, ಮತ್ತು ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು ಇರಬೇಕು. ಆರಿಸಿದ ಮೇಳವೊಂದೇ ಇರುವ ಶಾಲೆ ಬೇರೆ ಕಡೆ ಕಲಿತು ಬಂದವರಿಗೆ ಅನುಕೂಲ, ಅಲ್ಲಿಯೇ ಕಲಿಯಬೇಕಾದವರಿಗೆ ಬಾಗಿಲು ಮುಚ್ಚಿದಂತೆ. ಕಪಾಟು ತುಂಬ ಪದಕಗಳಿದ್ದರೆ ಸಂತೋಷವೇ. ಆದರೆ ವರ್ಷಕ್ಕೆ ಎಷ್ಟು ಕೃತಿಗಳನ್ನು ನುಡಿಸುತ್ತೀರಿ ಎಂದು ಕೇಳಿ ನೋಡಿ. ಒಂದೇ ಸ್ಪರ್ಧೆಗಾಗಿ ಎರಡೇ ಕೃತಿಗಳನ್ನು ವರ್ಷಪೂರ್ತಿ ತಿದ್ದುವ ಕಡೆ ಮಕ್ಕಳಿಗೆ ಹೊಸ ಹಾಳೆಯನ್ನು ನೋಡಿದೊಡನೆ ಓದಿ ನುಡಿಸುವ ಅಭ್ಯಾಸ ಬೆಳೆಯುವುದಿಲ್ಲ.

ತಾಲೀಮು ನೋಡಲು ಹೋದಾಗ

ಕಾರ್ಯಕ್ರಮ ನೋಡಿ ತೀರ್ಮಾನಿಸಬೇಡಿ. ಕಾರ್ಯಕ್ರಮದಲ್ಲಿ ಎಲ್ಲ ಶಾಲೆಗಳೂ ಚೆನ್ನಾಗಿಯೇ ಕಾಣುತ್ತವೆ. ವಾರದ ನಡುವಿನ ಒಂದು ಸಾಮಾನ್ಯ ತಾಲೀಮಿನಲ್ಲಿ ಇಪ್ಪತ್ತು ನಿಮಿಷ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಕೇಳಿ. ಮೊದಲು ಕೊನೆಯ ಸಾಲನ್ನು ನೋಡಿ. ಅಲ್ಲಿರುವ ಮಕ್ಕಳು ನುಡಿಸುತ್ತಿದ್ದಾರೆಯೇ, ನುಡಿಸುವಂತೆ ನಟಿಸುತ್ತಿದ್ದಾರೆಯೇ? ನಿರ್ದೇಶಕರು ಒಂದು ವಿಭಾಗವನ್ನು ತಿದ್ದುವಾಗ ಉಳಿದವರು ಏನು ಮಾಡುತ್ತಿದ್ದಾರೆ? ತಪ್ಪಾದಾಗ ಮಗುವಿನ ಹೆಸರು ಹಿಡಿದು ಹಂಗಿಸುತ್ತಾರೋ, 'ಆ ಎರಡು ಆವರ್ತವನ್ನು ನಿಧಾನವಾಗಿ ಇನ್ನೊಮ್ಮೆ' ಎನ್ನುತ್ತಾರೋ? ಒಂದು ಕಡೆ ಗುರುಗಳು 'ನಾನೀಗ ಕೈ ಬೀಸುವುದಿಲ್ಲ, ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಿ' ಎಂದು ಕೈಕಟ್ಟಿ ನಿಂತದ್ದನ್ನು ನೋಡಿದ್ದೇನೆ. ನಾಲ್ಕು ಆವರ್ತ ಎಲ್ಲ ಕಲಸಿಹೋಯಿತು, ಐದನೆಯದರಲ್ಲಿ ಕೂಡಿಕೊಂಡಿತು. ಅಂಥವರು ಸಿಕ್ಕರೆ ವಾದ್ಯ ಯಾವುದಾದರೂ ಆಗಲಿ, ಸೇರಿಸಿಬಿಡಿ.

ಹೊರಡುವ ಮುನ್ನ ಶಾಲೆಯವರನ್ನು ಇಷ್ಟು ಕೇಳಿಕೊಳ್ಳಿ: ತಾಲೀಮು ಶಾಲೆಯ ಅವಧಿಯೊಳಗೆ ನಡೆಯುತ್ತದೆಯೋ, ಆಮೇಲೋ? ಎರವಲು ವಾದ್ಯ ಕೆಟ್ಟರೆ ರಿಪೇರಿ ಯಾರದು? ಮೊದಲ ಅವಧಿಯಲ್ಲಿ ಮಗು ಮನಸ್ಸು ಬದಲಿಸಿದರೆ ಬೇರೆ ವಾದ್ಯಕ್ಕೆ ಹೋಗಬಹುದೇ? ಮನೆಯ ಮಟ್ಟಿಗೆ, ಚಿಕ್ಕ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ದಿನವೂ ಆಗಬೇಕು. ಭಾನುವಾರ ಒಂದೇ ಪಟ್ಟಿಗೆ ಎರಡು ಗಂಟೆ ಕೂರಿಸಿದರೆ ಬೆರಳೂ ಕಲಿಯುವುದಿಲ್ಲ, ಮನಸ್ಸೂ ಕಲಿಯುವುದಿಲ್ಲ.

ಎರಡು ಮೇಳಗಳ ನಡುವೆ ಇನ್ನೂ ತೀರ್ಮಾನವಾಗದಿದ್ದರೆ ಮಗುವನ್ನು ಎರಡಕ್ಕೂ ಒಂದೊಂದು ದಿನ ಕಳಿಸಲು ಸಾಧ್ಯವೇ ಎಂದು ವಿಚಾರಿಸಿ. ಹೆಚ್ಚಿನ ಗುರುಗಳು ಒಪ್ಪುತ್ತಾರೆ. ಸಂಜೆ ಮನೆಗೆ ಬಂದಾಗ 'ನೀನು ಏನು ನುಡಿಸಿದೆ' ಎಂದು ಕೇಳಬೇಡಿ, 'ಪಕ್ಕದಲ್ಲಿ ಕೂತವರು ಏನು ನುಡಿಸುತ್ತಿದ್ದರು' ಎಂದು ಕೇಳಿ. ಒಂದು ಮೇಳದಿಂದ ಬಂದ ದಿನ ಅದು ಭುಜ ಕುಣಿಸಿ ಊಟಕ್ಕೆ ಹೋಗಬಹುದು. ಇನ್ನೊಂದರಿಂದ ಬಂದ ದಿನ ಚೀಲವನ್ನೂ ಇಳಿಸದೆ ಆ ಧಾಟಿಯನ್ನು ಗುನುಗಿ ತೋರಿಸಬಹುದು, 'ಇದರ ಮೇಲೆ ನಮ್ಮದು ಹೀಗೆ ಬರುತ್ತದೆ' ಎನ್ನುತ್ತಾ.